ಹಳೆಯ ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳಬಹುದೆ?

ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯ ತರುಣರಲ್ಲಿ ಛಾಯಾಗ್ರಹಣದ ಆಸಕ್ತಿ ಬೆಳೆಯುತ್ತಿರುವುದು ಸಂತೋಷದ ಸಂಗತಿ. ಅವರಲ್ಲಿ ಹಲವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಮೇಷ್ಟ್ರೇ, ಹತ್ತು ಹದಿನೈದು ವರ್ಷದ ಹಿಂದಿನ ಫುಲ್ ಫ್ರೇಮ್ ಕ್ಯಾಮೆರಾ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಬಹುದೆ?” ಇದನ್ನು ಷೋಕಿಯ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಕೇಳುವವನ ಕೈಯಲ್ಲಿರುವುದು ತೆಂಗಿನಕಾಯಿ ಮಾರಿದ ಹಣವೋ, ಈರುಳ್ಳಿಗೆ ಅಪರೂಪಕ್ಕೆ ಒಳ್ಳೆಯ ಬೆಲೆ ಬಂದ ವರ್ಷದ ಉಳಿತಾಯವೋ, ಇಲ್ಲವೆ ಪುಟ್ಟ ಸ್ಟುಡಿಯೋದ ಬಾಡಿಗೆ ಕಳೆದು ಮಿಕ್ಕಿದ ಮೊತ್ತವೋ ಆಗಿರುತ್ತದೆ. ಅದು ಒಮ್ಮೆ ಕೈಬಿಟ್ಟರೆ ಮತ್ತೆ ಕೂಡುವುದಕ್ಕೆ ಎರಡು ಮೂರು ವರ್ಷ ಬೇಕು. ಆದ್ದರಿಂದ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನ್ಯಾಯವಲ್ಲ. ಉತ್ತರವಿರುವುದು ಕ್ಯಾಮೆರಾದ ವಯಸ್ಸಿನಲ್ಲಿ ಅಲ್ಲ. ನಾವು ಏನನ್ನು, ಎಷ್ಟು ದೂರದಿಂದ, ಎಂಥ ಬೆಳಕಿನಲ್ಲಿ ಚಿತ್ರಿಸಹೊರಟಿದ್ದೇವೆ ಎಂಬುದರಲ್ಲಿ.

ಮೊದಲು ಈ ‘ಫುಲ್ ಫ್ರೇಮ್’ ಎಂಬ ಮಾತಿನ ಅರ್ಥವನ್ನು ನೋಡೋಣ. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬ ತಂತ್ರಜ್ಞ ಸಿನಿಮಾದ 35 ಮಿಲಿಮೀಟರ್ ಫಿಲ್ಮನ್ನು ಅಡ್ಡಲಾಗಿ ಓಡಿಸಿ, 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ ಚೌಕಟ್ಟಿನಲ್ಲಿ ಚಿತ್ರ ಮೂಡುವಂತೆ ಒಂದು ಪುಟ್ಟ ಕ್ಯಾಮೆರಾವನ್ನು ರೂಪಿಸಿದ. 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ಬಂತು. ದೊಡ್ಡ ಗಾಜಿನ ಪ್ಲೇಟುಗಳಿಗೆ ಒಗ್ಗಿಹೋಗಿದ್ದ ಅಂದಿನ ವೃತ್ತಿಗಾರರಿಗೆ ಅದು ‘ಚಿಕಣಿ ಕ್ಯಾಮೆರಾ’ ಆಗಿ ಕಂಡಿತು. ಕಾಲಕ್ರಮದಲ್ಲಿ ಅದೇ ಅಳತೆ ಜಗತ್ತಿನ ವಾಡಿಕೆಯಾಯಿತು. ಮುಂದೆ ಡಿಜಿಟಲ್ ಯುಗ ಬಂದಾಗ ಫಿಲ್ಮಿನ ಜಾಗವನ್ನು ಸೆನ್ಸರ್ ಎಂಬ ಸಂವೇದಕ ಫಲಕ ಆಕ್ರಮಿಸಿತು. ದೊಡ್ಡ ಫಲಕ ತಯಾರಿಸುವುದು ದುಬಾರಿಯಾದ್ದರಿಂದ ಹೆಚ್ಚಿನ ಕ್ಯಾಮೆರಾಗಳಿಗೆ ಸುಮಾರು 23.5 ಮಿಲಿಮೀಟರ್ ಅಗಲ, 15.6 ಮಿಲಿಮೀಟರ್ ಎತ್ತರದ ಕಿರಿಯ ಸೆನ್ಸರನ್ನೇ ಕೂಡಿಸಿದರು. ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಉಳ್ಳವುಗಳಿಗೆ ಫುಲ್ ಫ್ರೇಮ್ ಎಂಬ ಹೆಸರು ಬಂತು. ಹೀಗೆ ಒಂದು ಕಾಲದ ‘ಚಿಕಣಿ’ಯೇ ಇನ್ನೊಂದು ಕಾಲದ ‘ಪೂರ್ಣ’ವಾಯಿತು! 2002ರಲ್ಲಿ ಬಂದ ಕ್ಯಾನನ್ 1ಡಿಎಸ್ ಧನಿಕರ ಸೊತ್ತಾಗಿತ್ತು. 2005ರ ಕ್ಯಾನನ್ 5ಡಿ ಅಮೆರಿಕದಲ್ಲಿ 3,299 ಡಾಲರಿಗೆ ಬಿಡುಗಡೆಯಾದಾಗ ಅದನ್ನೇ ಅಗ್ಗವೆಂದು ಜನ ಕೊಂಡಾಡಿದರು. ಆ ಪೀಳಿಗೆಯ ಕ್ಯಾಮೆರಾಗಳು ಇಂದು ಒಂದು ಮಧ್ಯಮ ತರಗತಿಯ ಮೊಬೈಲಿನ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆಗೆ ಕೈ ಬದಲಾಗುತ್ತಿವೆ. ತರುಣರ ಕಣ್ಣು ಅತ್ತ ಹರಿದದ್ದು ಸಹಜವೇ.

ಸೆನ್ಸರ್ ದೊಡ್ಡದಾದರೆ ಲಾಭವೇನು? ಅಂಗಳದಲ್ಲಿ ಮಳೆ ಬೀಳುತ್ತಿದೆ. ಅಲ್ಲಿ ಒಂದು ಅಗಲ ಬಾಯಿಯ ಕೊಪ್ಪರಿಗೆಯನ್ನೂ ಒಂದು ಸಣ್ಣ ಚೊಂಬನ್ನೂ ಇಟ್ಟಿದ್ದೇವೆ ಎಂದುಕೊಳ್ಳೋಣ. ಬೆಳಕೂ ಮಳೆಯ ಹಾಗೆ ಹನಿಹನಿಯಾಗಿಯೇ, ಅಂದರೆ ಕಣಕಣವಾಗಿಯೇ ಬೀಳುತ್ತದೆ. ಅದೂ ಒಂದು ಲೆಕ್ಕಕ್ಕೆ ಕಟ್ಟುಬಿದ್ದು ಬೀಳುವುದಿಲ್ಲ. ನೂರು ಹನಿ ಬೀಳಬೇಕಾದ ಕಡೆ ಹತ್ತು ಹನಿ ಹೆಚ್ಚುಕಡಿಮೆಯಾಗುವುದು ಪ್ರಕೃತಿಧರ್ಮ. ಅದು ನೂರಕ್ಕೆ ಹತ್ತರ ಏರುಪೇರು. ಹತ್ತು ಸಾವಿರ ಹನಿ ಬೀಳಬೇಕಾದ ಕಡೆ ನೂರು ಹನಿ ಹೆಚ್ಚುಕಡಿಮೆಯಾದೀತು. ಅದು ನೂರಕ್ಕೆ ಒಂದೇ. ಮಂದ ಬೆಳಕಿನ ಚಿತ್ರಗಳಲ್ಲಿ ರವೆ ಚೆಲ್ಲಿದಂತೆ ಕಾಣುವ ಕಾಳುಕಾಳಾದ ಕಲೆಗಳಿಗೆ ಮುಖ್ಯವಾಗಿ ಈ ಏರುಪೇರೇ ಕಾರಣ. ಫುಲ್ ಫ್ರೇಮ್ ಸೆನ್ಸರಿನ ವಿಸ್ತಾರ 864 ಚದರ ಮಿಲಿಮೀಟರ್; ಕಿರಿಯದರದು ಸುಮಾರು 367. ಒಂದೇ ದೃಶ್ಯವನ್ನು, ಒಂದೇ ಅಪರ್ಚರಿನಲ್ಲಿ, ಒಂದೇ ಷಟರ್ ವೇಗದಲ್ಲಿ ಎರಡರಲ್ಲೂ ಚೌಕಟ್ಟು ತುಂಬುವಂತೆ ತೆಗೆದರೆ ದೊಡ್ಡದಕ್ಕೆ ಎರಡೂಕಾಲು ಪಾಲಿಗೂ ಹೆಚ್ಚು ಬೆಳಕು ದಕ್ಕುತ್ತದೆ. ಫುಲ್ ಫ್ರೇಮಿನ ಮಹಿಮೆಯೆಂದು ಹೇಳುವುದರಲ್ಲಿ ಬಹುಪಾಲು ಇಷ್ಟೇ. ಈ ಲಾಭ ಎಲ್ಲಿ ಕೈಗೆ ಹತ್ತುತ್ತದೆ, ಎಲ್ಲಿ ಹತ್ತುವುದಿಲ್ಲ ಎಂಬುದನ್ನು ನಮ್ಮ ಮೂರು ತಾಲ್ಲೂಕುಗಳಲ್ಲೇ ಸುತ್ತಾಡಿ ನೋಡಬಹುದು.

ತರೀಕೆರೆಯ ಸಮೀಪದ ಅಮೃತಾಪುರಕ್ಕೆ ಹೋಗೋಣ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇವಾಲಯ ಅಲ್ಲಿದೆ. ಹೊರಗೋಡೆಯ ಮೇಲೆ 140 ಫಲಕಗಳು: ದಕ್ಷಿಣದ ಗೋಡೆಯಲ್ಲಿ ರಾಮಾಯಣದವು 70, ಉತ್ತರದಲ್ಲಿ ಭಾಗವತದವು 25, ಮಹಾಭಾರತದವು 45. ಕವಿಚಕ್ರವರ್ತಿ ಜನ್ನನ ಪದ್ಯಗಳನ್ನು ಹೊತ್ತ ದೊಡ್ಡ ಶಾಸನವೂ ಅಲ್ಲಿ ನಿಂತಿದೆ. ಈ ಹೊರಗಿನ ಶಿಲ್ಪಕ್ಕೂ ಶಾಸನಕ್ಕೂ ಬೇಕಾದುದು ದೊಡ್ಡ ಸೆನ್ಸರಲ್ಲ, ಓರೆಯ ಬೆಳಕು. ಬೆಳಗಿನ ಅಥವಾ ಸಂಜೆಯ ಬಿಸಿಲು ಕಲ್ಲನ್ನು ಒಂದು ಪಕ್ಕದಿಂದ ಸವರಿಕೊಂಡು ಹೋದಾಗ ಪ್ರತಿಯೊಂದು ಗೆರೆಯೂ ತನ್ನ ನೆರಳನ್ನು ತಾನೇ ಚೆಲ್ಲಿ ಎದ್ದು ನಿಲ್ಲುತ್ತದೆ. ಆ ಹೊತ್ತಿಗೆ ಅಲ್ಲಿದ್ದವನು ಸಾಮಾನ್ಯ ಕ್ಯಾಮೆರಾದಿಂದಲೂ ಒಳ್ಳೆಯ ಚಿತ್ರ ತಂದಾನು. ನಡುಹಗಲಿಗೆ ಹೋದವನಿಗೆ ಯಾವ ಬೆಲೆಯ ಕ್ಯಾಮೆರಾವೂ ನೆರವಾಗದು.

ನವರಂಗದೊಳಗೆ ಕಾಲಿಟ್ಟರೆ ಕಥೆ ಬೇರೆ. ತಿರುಗಣಿಯಲ್ಲಿ ಕಡೆದ ಕಂಬಗಳು, ತಲೆಯ ಮೇಲೆ ಭುವನೇಶ್ವರಿಯ ಸೂಕ್ಷ್ಮ ಕೆತ್ತನೆ. ಬಾಗಿಲಿನಿಂದ ಒಳಗೆ ಹರಿದು ಬರುವಷ್ಟೇ ಬೆಳಕು. ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ಟ್ರೈಪಾಡ್ ನಿಲ್ಲಿಸುವುದಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಫ್ಲ್ಯಾಷ್ ಹಾರಿಸಿದರೆ ಕಲ್ಲಿನ ಉಬ್ಬುತಗ್ಗುಗಳೆಲ್ಲ ಸಮತಟ್ಟಾಗಿ ಶಿಲ್ಪಿಯ ಶ್ರಮ ಮಾಯವಾಗುತ್ತದೆ. ಹೀಗಿರಲಾಗಿ ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು, ಉಸಿರು ಬಿಗಿಹಿಡಿದು, ಐ.ಎಸ್.ಒ. ಸಂಖ್ಯೆಯನ್ನು 3,200ಕ್ಕೋ 6,400ಕ್ಕೋ ಏರಿಸಿ ತೆಗೆಯುವುದೊಂದೇ ದಾರಿ. ಇಲ್ಲಿ ದೊಡ್ಡ ಸೆನ್ಸರ್ ತನ್ನ ಋಣವನ್ನು ತೀರಿಸುತ್ತದೆ. ಇನ್ನೊಂದು ಅನುಕೂಲವೂ ಉಂಟು. ಇಕ್ಕಟ್ಟಾದ ಜಾಗದಲ್ಲಿ 24 ಮಿಲಿಮೀಟರ್ ಲೆನ್ಸ್ ಫುಲ್ ಫ್ರೇಮಿನಲ್ಲಿ ಎಷ್ಟು ಅಗಲ ನೋಡುತ್ತದೆಯೋ ಅಷ್ಟನ್ನು ಕಿರಿಯ ಸೆನ್ಸರಿನಲ್ಲಿ ನೋಡಲು 16 ಮಿಲಿಮೀಟರ್ ಲೆನ್ಸ್ ಬೇಕಾಗುತ್ತದೆ. ದೇವಾಲಯಗಳ ಒಳಾಂಗಣವನ್ನು ದಾಖಲಿಸಬೇಕೆನ್ನುವವನಿಗೆ ಹಳೆಯ ಫುಲ್ ಫ್ರೇಮ್ ಖಂಡಿತ ಸಾರ್ಥಕ.

ಇನ್ನು ಕಡೂರಿನ ಬಯಲಿಗೆ ಬರೋಣ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು, 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾದ ಸುಮಾರು ಏಳು ಚದರ ಕಿಲೋಮೀಟರಿನ ಹುಲ್ಲುಗಾವಲು, ಕೃಷ್ಣಮೃಗಗಳ ನೆಲೆ. ಬಯಲಿನ ಪ್ರಾಣಿ ಮನುಷ್ಯನನ್ನು ದೂರದಿಂದಲೇ ಕಾಣುತ್ತದೆ, ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಸಣ್ಣದೊಂದು ಲೆಕ್ಕ ಹಾಕಿ ನೋಡಿ. ಹೆಗಲಿನವರೆಗೆ 80 ಸೆಂಟಿಮೀಟರ್ ಎತ್ತರದ ಗಂಡು ಕೃಷ್ಣಮೃಗ 150 ಮೀಟರ್ ದೂರದಲ್ಲಿ ನಿಂತಿದೆ. ನಮ್ಮಲ್ಲಿರುವುದು 300 ಮಿಲಿಮೀಟರ್ ಲೆನ್ಸ್. ಸೆನ್ಸರಿನ ಮೇಲೆ ಮೂಡುವ ಬಿಂಬದ ಎತ್ತರ ಕೇವಲ 1.6 ಮಿಲಿಮೀಟರ್. ಸೆನ್ಸರ್ ದೊಡ್ಡದಿರಲಿ, ಚಿಕ್ಕದಿರಲಿ, ಬಿಂಬ ಅಷ್ಟೇ. 2008ರ ನಿಕಾನ್ ಡಿ700ರಂಥ 12 ಮೆಗಾಪಿಕ್ಸೆಲಿನ ಫುಲ್ ಫ್ರೇಮಿನಲ್ಲಿ ಆ ಬಿಂಬಕ್ಕೆ ಒದಗುವ ಚುಕ್ಕೆಗಳು ಎತ್ತರದಲ್ಲಿ ಸುಮಾರು 190. ಕಿರಿಯ ಸೆನ್ಸರಿನ ಸಾಮಾನ್ಯ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಾದರೆ ಸುಮಾರು 410. ಅಂದರೆ ಎರಡು ಪಟ್ಟಿಗಿಂತಲೂ ಹೆಚ್ಚು ವಿವರ! ಕೊಪ್ಪರಿಗೆ ದೊಡ್ಡದಾದ ಮಾತ್ರಕ್ಕೆ ಫಲವಿಲ್ಲ. ಮಳೆ ಅದರ ಒಂದು ಮೂಲೆಗೆ ಮಾತ್ರ ಬೀಳುತ್ತಿದೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯದ ನಡುಗಡ್ಡೆಗಳಿಗೆ ಗೂಡು ಕಟ್ಟಲು ಬರುವ ರೀವಗಳ ವಿಷಯದಲ್ಲೂ ಇದೇ ನ್ಯಾಯ. ದೋಣಿಯಲ್ಲಿ ಓಲಾಡುತ್ತ, ಹಾರುವ ಹಕ್ಕಿಯನ್ನು ಹಿಡಿಯಲು ಬೇಕಾದುದು ದೂರ ನೋಡುವ ಲೆನ್ಸು ಮತ್ತು ಚುರುಕಾದ ಫೋಕಸ್. ಕಡಿಮೆ ಹಣವುಳ್ಳವನು ಇಂಥ ಕೆಲಸಕ್ಕೆ ಹಳೆಯ ಫುಲ್ ಫ್ರೇಮ್ ಕೊಂಡರೆ ದುಡ್ಡು ಕೊಟ್ಟು ನಿರಾಸೆಯನ್ನು ತಂದುಕೊಂಡಂತೆ.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತುತ್ತಾರೆ. ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಮುಂತಾದವರು ಫಿಲ್ಮಿನ ಕಾಲದಲ್ಲೇ ವನ್ಯಜೀವಿಗಳ ಅಮೋಘ ಚಿತ್ರಗಳನ್ನು ತೆಗೆಯಲಿಲ್ಲವೆ, ನಮ್ಮ ಜಿಲ್ಲೆಯವರೇ ಆಗಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳನ್ನು ಸೆರೆಹಿಡಿಯಲಿಲ್ಲವೆ ಎಂದು. ನಿಜ. ಆದರೆ ಆ ಕಾಲದ ಸಾಧನೆಯ ಹಿಂದೆ ಇದ್ದುದು ಮರೆಗೂಡಿನಲ್ಲಿ ಗಂಟೆಗಟ್ಟಲೆ ಕುಳಿತು ದೂರವನ್ನೇ ಕಡಿಮೆ ಮಾಡಿಕೊಳ್ಳುವ ತಾಳ್ಮೆ. ಇಂದು ರಕ್ಷಿತ ಪ್ರದೇಶಗಳಲ್ಲಿ ಮನಬಂದಂತೆ ಇಳಿದು ನಡೆಯುವಂತಿಲ್ಲ. ಗೂಡಿನ ಹತ್ತಿರ ಸುಳಿಯುವುದು ತಪ್ಪೆಂದು ನಾವೇ ಒಪ್ಪಿದ್ದೇವೆ, ಅದು ಸರಿಯೂ ಹೌದು. ದೂರ ಉಳಿದೇ ಉಳಿಯುತ್ತದೆ. ಆ ದೂರಕ್ಕೆ ತಕ್ಕ ಉಪಕರಣವನ್ನೇ ಆರಿಸಬೇಕು. ಇನ್ನು ತನ್ನದೇ ತೋಟದಲ್ಲಿ ಕುಳಿತು ಹಕ್ಕಿಗಾಗಿ ಕಾಯಬಲ್ಲವನ ಮಾತು ಬೇರೆ. ಅವನಿಗೆ ಯಾವ ಕ್ಯಾಮೆರಾವಾದರೂ ನಡೆದೀತು.

ಈಚೆಗೆ ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರದಲ್ಲಿ ನಮ್ಮ ಪ್ರಶ್ನೆಗೆ ಮೂರನೆಯ ಮುಖವೊಂದು ದೊರೆಯುತ್ತದೆ. ಅಲ್ಲಿನ ಅಮೃತ ಮಹಲ್ ತಳಿ ಸಂವರ್ಧನ ಕೇಂದ್ರದ ಹೆಸರನ್ನು ಕೇಳದವರಿಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯಲ್ಲಿ ಬೇರೂರಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ಈ ಬೂದುಬಣ್ಣದ, ನೀಳ ಕೊಂಬಿನ ರಾಸುಗಳನ್ನು ಬಿಸಿಲಿನಲ್ಲಿ ಚಿತ್ರಿಸುವುದು ಸುಲಭವಲ್ಲ. ಬೆನ್ನು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತದೆ. ಕತ್ತಿನ ಕೆಳಗೂ ಹೊಟ್ಟೆಯಡಿಯೂ ಕಡು ನೆರಳು. ಎರಡರ ವಿವರವನ್ನೂ ಉಳಿಸಿಕೊಳ್ಳುವ ಶಕ್ತಿ ಎಲ್ಲ ಸೆನ್ಸರುಗಳಿಗೂ ಸಮನಾಗಿರುವುದಿಲ್ಲ. 2008ರ ಕ್ಯಾನನ್ 5ಡಿ ಮಾರ್ಕ್ 2ರಲ್ಲಿ ನೆರಳನ್ನು ಬಹಳ ಎಳೆದು ಬೆಳಗಿಸಿದರೆ ಪಟ್ಟೆಪಟ್ಟೆಯಾಗಿ ಗೆರೆಗಳು ಏಳುತ್ತವೆ. 2012ರ ನಿಕಾನ್ ಡಿ800, 2014ರ ಡಿ750 ಮೊದಲಾದವುಗಳಲ್ಲಿ ನೆರಳು ಬಹುಮಟ್ಟಿಗೆ ಶುದ್ಧವಾಗಿ ಎದ್ದುಬರುತ್ತದೆ. ಫುಲ್ ಫ್ರೇಮ್ ಎಂಬ ಒಂದೇ ಹೆಸರಿನ ಅಡಿಯಲ್ಲಿ ಇಷ್ಟೊಂದು ಅಂತರ ಅಡಗಿದೆ.

ಅದೇ ಊರಿನಲ್ಲಿ ತಂದೆಯ ಕಾಲದ ಸ್ಟುಡಿಯೋವನ್ನು ನಡೆಸಿಕೊಂಡು ಬರುತ್ತಿರುವ ತರುಣನೊಬ್ಬ ನನಗೆ ಪರಿಚಿತ. ಪ್ರತಿಯೊಬ್ಬರ ಜೇಬಿನಲ್ಲೂ ಮೊಬೈಲ್ ಬಂದ ಮೇಲೆ ಪಾಸ್‌ಪೋರ್ಟ್ ಅಳತೆಯ ಚಿತ್ರಗಳಿಂದಲೇ ಅಂಗಡಿ ನಡೆಯುವ ಕಾಲ ಮುಗಿಯಿತು. ಉಳಿದಿರುವುದು ಮದುವೆಯ ಕೆಲಸ. ಅದೂ ಕೈತಪ್ಪಿದರೆ ಅಂಗಡಿಯ ಬಾಗಿಲು ಮುಚ್ಚಬೇಕು. ಅವನ ಹಣಕ್ಕೆ ಹಳೆಯ ಫುಲ್ ಫ್ರೇಮೋ ಹೊಸ ಚಿಕ್ಕ ಕ್ಯಾಮೆರಾವೋ, ಎರಡರಲ್ಲಿ ಒಂದು ಬರುವಂತಿತ್ತು. ನಾನು ಅವನ ಬೀರುವನ್ನು ತೆರೆಸಿ ನೋಡಿದೆ. ತಂದೆಯ ಕಾಲದ ನಿಕಾನ್ ಫಿಲ್ಮ್ ಕ್ಯಾಮೆರಾದ ಜೊತೆಗೆ 28 ಮತ್ತು 50 ಮಿಲಿಮೀಟರಿನ ಎರಡು ಲೆನ್ಸುಗಳು ಸುಸ್ಥಿತಿಯಲ್ಲಿದ್ದವು. 1977ರಿಂದ ಬಂದ ಆ ಬಗೆಯ ನಿಕಾನ್ ಲೆನ್ಸುಗಳು ಡಿ700, ಡಿ750ರಂಥ ಕ್ಯಾಮೆರಾಗಳಿಗೆ ನೇರವಾಗಿ ಕೂಡುತ್ತವೆ. ಫೋಕಸನ್ನು ಕೈಯಲ್ಲೇ ಮಾಡಬೇಕು, ನಿಜ. ಆದರೆ ಬೆಳಕಿನ ಅಳತೆಯನ್ನು ಕ್ಯಾಮೆರಾ ಕೊಡುತ್ತದೆ, ಲೆನ್ಸಿನ ನೋಟದ ಅಗಲವೂ ಫಿಲ್ಮಿನಲ್ಲಿ ಇದ್ದಷ್ಟೇ ಇರುತ್ತದೆ. (ಕ್ಯಾನನ್ನಿನ ಹಳೆಯ ಎಫ್‌ಡಿ ಲೆನ್ಸುಗಳಿಗೆ ಈ ಭಾಗ್ಯವಿಲ್ಲ, 1987ರಲ್ಲಿ ಆ ಸಂಸ್ಥೆ ಲೆನ್ಸ್ ಕೂಡುವ ಬಾಯಿಯನ್ನೇ ಬದಲಿಸಿತು.) ತಂದೆಯ ಬೀರುವಿನ ಈ ಆಸ್ತಿಯಿಂದಾಗಿ ಅವನ ಮಟ್ಟಿಗೆ ತಕ್ಕಡಿ ಫುಲ್ ಫ್ರೇಮಿನ ಕಡೆಗೆ ವಾಲಿತು.

ಆದರೆ ಯಾವ ಕಾಲದ್ದು? ಮದುವೆಯ ಮನೆಯವರು ಇಂದು ವಿಡಿಯೋ ಕೇಳುತ್ತಾರೆ. 2005ರ 5ಡಿಯಲ್ಲಾಗಲಿ 2008ರ ಡಿ700ರಲ್ಲಾಗಲಿ ವಿಡಿಯೋ ಇಲ್ಲವೇ ಇಲ್ಲ. ಮೇಲಾಗಿ ಅವೆರಡರಲ್ಲೂ ಕಾರ್ಡಿಗೆ ಒಂದೇ ಗೂಡು. ಧಾರೆ ಎರಡು ಸಲ ನಡೆಯುವುದಿಲ್ಲ; ಆ ಒಂದು ಕಾರ್ಡ್ ಕೆಟ್ಟರೆ ಛಾಯಾಗ್ರಾಹಕ ಆ ಬೀದಿಯಲ್ಲಿ ಮತ್ತೆ ತಲೆಯೆತ್ತಿ ನಡೆಯುವಂತಿಲ್ಲ. ಡಿ750ರಲ್ಲೂ ಕ್ಯಾನನ್ 5ಡಿ ಮಾರ್ಕ್ 3ರಲ್ಲೂ ಎರಡೆರಡು ಗೂಡುಗಳಿವೆ. ಪ್ರತಿಯೊಂದು ಚಿತ್ರವನ್ನೂ ಎರಡು ಕಡೆ ಬರೆದಿಡಬಹುದು. ಅವನು ಕೊಂಡದ್ದು ಒಂದು ಹಳೆಯ ಡಿ750.

ಇದರಿಂದ ಒಂದು ಸಾಮಾನ್ಯ ನಿಯಮವನ್ನು ಹೇಳಬಹುದು. 2005ರಿಂದ 2008ರವರೆಗಿನ ಮೊದಲ ಪೀಳಿಗೆ ಕಲಿಯುವವರಿಗೆ, ಕಲ್ಲು ಮತ್ತು ಮುಖಗಳನ್ನು ಪ್ರೀತಿಸುವವರಿಗೆ, ತೀರ ಅಗ್ಗಕ್ಕೆ ಸಿಕ್ಕಿದರೆ ಮಾತ್ರ. 12 ಮೆಗಾಪಿಕ್ಸೆಲ್ ಕಡಿಮೆಯಾಯಿತೆಂಬ ಚಿಂತೆ ಬೇಡ. 14 ಅಂಗುಲ ಅಗಲದ ಅಚ್ಚುಕಟ್ಟಾದ ಮುದ್ರಣಕ್ಕೆ ಅದು ಸಾಕು. ಆದರೆ ಮೊದಲ 5ಡಿಯ ಸಹಜ ಐ.ಎಸ್.ಒ. ಮಿತಿ 1,600, ಅಮೃತಾಪುರದ ನವರಂಗಕ್ಕೆ ಅದು ಸಾಲದು. ಮೂರೇ ವರ್ಷಗಳಲ್ಲಿ ಆ ಮಿತಿ 6,400ಕ್ಕೆ ಏರಿತು. 2012ರಿಂದ 2014ರವರೆಗಿನ ಪೀಳಿಗೆಯೇ, ಅಂದರೆ ಕ್ಯಾನನ್ 6ಡಿ, 5ಡಿ ಮಾರ್ಕ್ 3, ನಿಕಾನ್ ಡಿ610, ಡಿ750, ಡಿ800 ಮುಂತಾದವೇ, ಕೊಟ್ಟ ಹಣಕ್ಕೆ ಹೆಚ್ಚು ಮೋಸವಿಲ್ಲದವು. ಅವುಗಳ ಬ್ಯಾಟರಿಗಳು ಇನ್ನೂ ಸಿಗುತ್ತವೆ. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಸಂಸ್ಥೆಗಳು ಕನ್ನಡಿಯಿಲ್ಲದ ಫುಲ್ ಫ್ರೇಮ್ ಕ್ಯಾಮೆರಾಗಳತ್ತ ಹೊರಳಿದ್ದರಿಂದ ಹಳೆಯ ಬಗೆಯ ಒಳ್ಳೆಯ ಲೆನ್ಸುಗಳೂ ಮಾರಾಟಕ್ಕೆ ಬಂದಿವೆ. ಹಳೆಯ ಕ್ಯಾಮೆರಾದ ರಾ ಫೈಲನ್ನು ಇಂದಿನ ತಂತ್ರಾಂಶದಲ್ಲಿ ಸಂಸ್ಕರಿಸಿದರೆ, ಅದು ಹೊಸದಾಗಿದ್ದ ಕಾಲಕ್ಕಿಂತ ಶುದ್ಧವಾದ ಚಿತ್ರ ಇಂದು ಬರುತ್ತದೆ ಎಂಬುದೂ ಗಮನಿಸತಕ್ಕದ್ದು.

ಇನ್ನು ಪರೀಕ್ಷೆಯ ಮಾತು. ಜಾತ್ರೆಯಲ್ಲಿ ಎತ್ತು ಕೊಳ್ಳುವ ನಮ್ಮ ರೈತ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕ್ಯಾಮೆರಾಕ್ಕೂ ಅದೇ ಕ್ರಮ. ಅದರ ಹಲ್ಲೆಂದರೆ ಷಟರ್ ಎಷ್ಟು ಸಲ ಬಡಿದಿದೆ ಎಂಬ ಸಂಖ್ಯೆ. ನಿಕಾನಿನಲ್ಲಿ ತೆಗೆದ ಚಿತ್ರದ ಒಳಮಾಹಿತಿಯಿಂದಲೇ ಇದನ್ನು ತಿಳಿಯಬಹುದು. ಕ್ಯಾನನ್ನಿನ ಅನೇಕ ಮಾದರಿಗಳಲ್ಲಿ ಅದಕ್ಕೆ ಬೇರೆ ತಂತ್ರಾಂಶ ಬೇಕು. ಡಿ750, 5ಡಿ ಮಾರ್ಕ್ 3ಗಳ ಷಟರನ್ನು 1,50,000 ಸಲಕ್ಕೆ, 6ಡಿಯದನ್ನು 1,00,000 ಸಲಕ್ಕೆ ಪರೀಕ್ಷಿಸಲಾಗಿದೆ. ಅದನ್ನು ದಾಟಿದ್ದು ನಾಳೆಯೇ ನಿಲ್ಲುತ್ತದೆಂದಲ್ಲ. ಬೆಲೆ ಮಾತ್ರ ಇಳಿಯಲೇಬೇಕು. ಬಳಿಕ ಎಫ್/16ರಲ್ಲಿ ಶುಭ್ರ ಆಕಾಶದ ಒಂದು ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಮುಚ್ಚಳ ಹಾಕಿ ಮೂವತ್ತು ಸೆಕೆಂಡು ತೆರೆದಿಟ್ಟರೆ ಕೆಟ್ಟ ಚುಕ್ಕೆಗಳು ಬಣ್ಣಬಣ್ಣವಾಗಿ ಹೊಳೆಯುತ್ತವೆ. ಮಾದರಿಗಳ ಸುಳಿಯನ್ನೂ ತಿಳಿದಿರಬೇಕು: ನಿಕಾನ್ ಡಿ600ರ ಸೆನ್ಸರಿನ ಮೇಲೆ ಕಲೆ ಕೂಡುವ ದೋಷವಿದ್ದು 2014ರಲ್ಲಿ ಸಂಸ್ಥೆಯೇ ಉಚಿತ ದುರಸ್ತಿಯನ್ನು ಘೋಷಿಸಿತು, ಡಿ750ರ ಕೆಲವು ತಂಡಗಳ ಷಟರನ್ನೂ ಹಾಗೆಯೇ ಹಿಂದಕ್ಕೆ ಕರೆಸಿ ಬದಲಿಸಿಕೊಟ್ಟರು. ಮಾರುವವನಲ್ಲಿ ಮೂಲ ರಸೀದಿ ಇದೆಯೆ, ಅದರ ಮೇಲಿನ ಸಂಖ್ಯೆ ಕ್ಯಾಮೆರಾದ ತಳದ ಸಂಖ್ಯೆಗೆ ಹೊಂದುತ್ತದೆಯೆ ಎಂದೂ ನೋಡಬೇಕು. ಕದ್ದ ಮಾಲನ್ನು ಅಗ್ಗಕ್ಕೆ ಕೊಂಡವನಿಗೆ ಕೊನೆಗೆ ಉಳಿಯುವುದು ಠಾಣೆಯ ಅಲೆದಾಟ.

ಮಲೆನಾಡಿನ ಅಂಚಿನಲ್ಲಿರುವ ನಮಗೆ ಇನ್ನೊಂದು ಶತ್ರುವುಂಟು: ಬೂಷ್ಟು. ತರೀಕೆರೆಯಿಂದ ಕೆಮ್ಮಣ್ಣುಗುಂಡಿಯ ಕಡೆಗೆ ಸರಿದಷ್ಟೂ ಮಳೆಗಾಲದ ತೇವ ಲೆನ್ಸಿನೊಳಗೆ ಜೇಡನ ಬಲೆಯಂಥ ಎಳೆಗಳನ್ನು ಹಬ್ಬಿಸುತ್ತದೆ. ಕೊಳ್ಳುವಾಗ ಲೆನ್ಸಿನ ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬೆಳಕು ಹಾಯಿಸಿ ನೋಡಬೇಕು. ಕೊಂಡ ಮೇಲೆ ಚರ್ಮದ ಚೀಲದಲ್ಲಿ ಮುಚ್ಚಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ಕಾಪಾಡಬೇಕು. ಬಣ್ಣ ಬದಲಿಸಿದ ಜೆಲ್ಲನ್ನು ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ದುರಸ್ತಿಗೆ ಬೀರೂರಿನಲ್ಲಿ ಬೆಂಗಳೂರಿನ ರೈಲು ಹತ್ತಬೇಕಾದ ನಮ್ಮಂಥವರು ಕೈಯಲ್ಲಿರುವ ಹಣವನ್ನೆಲ್ಲ ಕ್ಯಾಮೆರಾಕ್ಕೇ ಸುರಿಯಬಾರದು. ಲೆನ್ಸಿಗೆ ಒಂದು ಪಾಲು, ಎರಡನೆಯ ಬ್ಯಾಟರಿ ಮತ್ತು ಕಾರ್ಡಿಗೆ ಒಂದು ಪಾಲು, ಆಪತ್ತಿನ ದುರಸ್ತಿಗೆ ಒಂದು ಪಾಲು ಎತ್ತಿಟ್ಟು, ಮಿಕ್ಕದ್ದರಲ್ಲಿ ಬರುವ ಕ್ಯಾಮೆರಾ ಯಾವುದೋ ಅದನ್ನೇ ತನ್ನದೆಂದುಕೊಳ್ಳಬೇಕು.

ಹಾಗಾದರೆ ಹಳೆಯ ಫುಲ್ ಫ್ರೇಮ್ ಕೊಳ್ಳಬಹುದೆ? ಹತ್ತಿರದ್ದನ್ನು, ನಿಂತದ್ದನ್ನು, ಮಂದ ಬೆಳಕಿನದನ್ನು ಚಿತ್ರಿಸುವವನು ಕೊಳ್ಳಬಹುದು. ಸಂಪಾದನೆಗೆಂದಾದರೆ 2012ರ ಈಚಿನದನ್ನು ಕೊಳ್ಳಲಿ. ದೂರದ್ದನ್ನು, ಓಡುವುದನ್ನು, ಹಾರುವುದನ್ನು ಬೆನ್ನುಹತ್ತುವವನು ಅದೇ ಹಣಕ್ಕೆ ಕಿರಿಯ ಸೆನ್ಸರಿನ ಕ್ಯಾಮೆರಾವನ್ನೂ ಉದ್ದದ ಲೆನ್ಸನ್ನೂ ಕೊಳ್ಳಲಿ. ಇವೆರಡರಲ್ಲಿ ತಾನು ಯಾವ ಕಡೆಯವನೆಂದು ಇನ್ನೂ ತಿಳಿಯದವನು ಕೈಯಲ್ಲಿರುವ ಮೊಬೈಲಿನಿಂದಲೇ ಒಂದು ವರ್ಷ ಚಿತ್ರ ತೆಗೆಯಲಿ. ವರ್ಷದ ಕೊನೆಗೆ ಆ ಚಿತ್ರಗಳನ್ನೆಲ್ಲ ಹರಡಿಕೊಂಡು ನೋಡಿದರೆ, ತನಗೆ ಬೇಕಾದ ಕ್ಯಾಮೆರಾ ಯಾವುದೆಂಬುದನ್ನು ನನ್ನನ್ನು ಕೇಳಬೇಕಾದ ಅಗತ್ಯವೇ ಅವನಿಗೆ ಬೀಳದು.